ಹಳ್ಳಿಯ ಅಂತರ್ಜಾಲಕ್ಕೆ ನೀರುಗಂಟಿ ಬೇಡವೆ?

೧೯೦೨ನೆಯ ಇಸವಿಯಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದುಹೋಯಿತು. ಮೂರು ವರ್ಷಗಳ ತರುವಾಯ, ೧೯೦೫ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಇದು ನಮ್ಮ ನಾಡಿನವರು ಹೆಮ್ಮೆಪಡತಕ್ಕ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ತಂತಿಯು ಯಾವ ಯಾವ ಹಳ್ಳಿಗಳ ಹೊಲಗದ್ದೆಗಳ ಮೇಲೆ ಹಾದುಹೋಯಿತೋ, ಆ ಹಳ್ಳಿಗಳ ಮನೆಗಳಲ್ಲಿ ಅನೇಕ ದಶಕಗಳ ಪರ್ಯಂತ ಎಣ್ಣೆಯ ದೀಪವೇ ಉರಿಯುತ್ತಿದ್ದಿತು. ಅಂದು ವಿದ್ಯುತ್ತಿನ ತಂತಿ ಹಳ್ಳಿಗನ ತಲೆಯ ಮೇಲೆ ಹಾದುಹೋಯಿತು. ಇಂದು ಅಂತರ್ಜಾಲದ ಗಾಜಿನ ಎಳೆ ಅವನ ಕಾಲಿನ ಕೆಳಗೆ ಹಾದುಹೋಗಿದೆ. ಎರಡು ಸಂದರ್ಭಗಳಲ್ಲಿಯೂ ಅವನು ನೋಡುತ್ತ ನಿಂತವನೇ ಆಗಿದ್ದಾನೆ.

ಈ ಮಾತು ಅತಿಶಯೋಕ್ತಿಯೆಂದು ತೋರುವವರು ೨೦೨೧ನೆಯ ಜೂನ್ ತಿಂಗಳಿನಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾದ ಒಂದು ಚಿತ್ರವನ್ನು ನೆನಪಿಗೆ ತಂದುಕೊಳ್ಳಬೇಕು. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಡುಗಿಯೊಬ್ಬಳು ರಸ್ತೆಯ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು. ಸುರಿಯುವ ಮಳೆಯಲ್ಲಿ ಅವಳ ತಂದೆ ಕೊಡೆ ಹಿಡಿದು ನಿಂತಿದ್ದನು. ಮನೆಯಲ್ಲಿ ಸಂಪರ್ಕ ದೊರೆಯುತ್ತಿರಲಿಲ್ಲವಾದುದರಿಂದ ಆ ರಸ್ತೆಯ ಅಂಚೇ ಅವಳಿಗೆ ಪಾಠಶಾಲೆಯಾಗಿದ್ದಿತು. ಆ ಚಿತ್ರವನ್ನು ನೋಡಿ ಪಟ್ಟಣವಾಸಿಗಳಾದ ನಾವೆಲ್ಲರೂ ತಂದೆಯ ಪ್ರೀತಿಯನ್ನು ಕೊಂಡಾಡಿದೆವು. ಕೊಂಡಾಡಿದುದು ಸರಿ. ಆದರೆ ಆ ಕೊಡೆಯನ್ನು ಹಿಡಿಯಬೇಕಾಗಿದ್ದವರು ಯಾರು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದೆವು?

ಸರ್ಕಾರದವರು ಏನನ್ನೂ ಮಾಡಲಿಲ್ಲವೆಂದು ಹೇಳುವುದು ನ್ಯಾಯವಾಗಲಾರದು. ದೇಶದ ಸುಮಾರು ೨.೫ ಲಕ್ಷ ಗ್ರಾಮ ಪಂಚಾಯಿತಿಗಳಿಗೂ ಗಾಜಿನ ಎಳೆಯ ಮೂಲಕ ಅಂತರ್ಜಾಲವನ್ನು ಮುಟ್ಟಿಸುವ ಯೋಜನೆಗೆ ಕೇಂದ್ರದ ಸಚಿವ ಸಂಪುಟವು ೨೦೧೧ನೆಯ ಅಕ್ಟೋಬರಿನಲ್ಲಿಯೇ ಒಪ್ಪಿಗೆಯಿತ್ತಿತು. ಎರಡು ವರ್ಷಗಳಲ್ಲಿ ಮುಗಿಯಬೇಕೆಂದಿದ್ದ ಈ ಕಾರ್ಯವು ಮುಂದೆ ಭಾರತ್‌ನೆಟ್ ಎಂಬ ಹೆಸರನ್ನು ಪಡೆಯಿತು. ಮೊದಲನೆಯ ಹಂತದ ಒಂದು ಲಕ್ಷ ಪಂಚಾಯಿತಿಗಳು ಪೂರ್ಣವಾದುವೆಂದು ೨೦೧೭ನೆಯ ಡಿಸೆಂಬರಿನಲ್ಲಿ ಸಾರಲಾಯಿತು. ೨೦೨೦ನೆಯ ಆಗಸ್ಟ್ ೧೫ರಂದು ಕೆಂಪು ಕೋಟೆಯಿಂದ ಮಾತನಾಡಿದ ಪ್ರಧಾನಮಂತ್ರಿಗಳು, ದೇಶದ ಆರು ಲಕ್ಷ ಹಳ್ಳಿಗಳಿಗೂ ಸಾವಿರ ದಿನಗಳೊಳಗಾಗಿ ಈ ಎಳೆಯು ತಲಪುವುದೆಂದು ಘೋಷಿಸಿದರು. ಆ ಸಾವಿರ ದಿನಗಳು ೨೦೨೩ನೆಯ ಮೇ ತಿಂಗಳಿಗೆ ಕಳೆದುಹೋದುವು. ಅದೇ ವರ್ಷದ ಆಗಸ್ಟಿನಲ್ಲಿ ಯೋಜನೆಯನ್ನು ತಿದ್ದಿ, ೧,೩೯,೫೭೯ ಕೋಟಿ ರೂಪಾಯಿಗಳನ್ನು ಹೊಸದಾಗಿ ಮಂಜೂರು ಮಾಡಲಾಯಿತು. ವಾಯಿದೆಗಳು ತಪ್ಪಿದುವೆಂಬುದು ನಮ್ಮ ಮುಖ್ಯವಾದ ಆಕ್ಷೇಪಣೆಯಲ್ಲ. ದೊಡ್ಡ ಕಾರ್ಯಗಳಲ್ಲಿ ವಾಯಿದೆ ತಪ್ಪುವುದುಂಟು. ಎಳೆಯು ಪಂಚಾಯಿತಿಯ ಬಾಗಿಲಿಗೆ ಬಂದ ಮೇಲೆ ಏನಾಯಿತು ಎಂಬುದೇ ನಾವು ಇಲ್ಲಿ ವಿಚಾರಿಸಬೇಕೆಂದಿರುವ ವಿಷಯವು.

ಅದಕ್ಕೆ ಮೊದಲು ಈ ಹಣವು ಯಾರದೆಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಹಳ್ಳಿಗಳಿಗೆ ಉಚಿತವಾಗಿ ಅಂತರ್ಜಾಲವನ್ನು ಕೊಡಬೇಕೆಂದಾಗಲೆಲ್ಲ, “ಬಿಟ್ಟಿಯ ಅಭ್ಯಾಸ ಒಳ್ಳೆಯದಲ್ಲ” ಎಂದು ಹುಬ್ಬುಗಂಟಿಕ್ಕುವ ಸಜ್ಜನರು ನಮ್ಮ ಪಟ್ಟಣಗಳಲ್ಲಿ ಬಹಳ ಮಂದಿ ಇದ್ದಾರೆ. ಅವರು ಒಂದು ಸಂಗತಿಯನ್ನು ತಿಳಿದಿರುವಂತೆ ಕಾಣುವುದಿಲ್ಲ. ೨೦೦೨ನೆಯ ಏಪ್ರಿಲ್‌ನಿಂದ ದೂರವಾಣಿ ಕಂಪನಿಗಳು ತಮ್ಮ ಆದಾಯದ ಶೇಕಡಾ ಐದು ಭಾಗವನ್ನು ಸಾರ್ವತ್ರಿಕ ಸೇವೆಯ ನಿಧಿಗೆ ಸಲ್ಲಿಸುವ ಏರ್ಪಾಡು ಜಾರಿಗೆ ಬಂದಿತು. ೨೦೨೩ನೆಯ ದೂರಸಂಪರ್ಕ ಕಾಯಿದೆಯಿಂದ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂಬ ಹೊಸ ಹೆಸರು ಬಂದಿದೆ. ಕಂಪನಿಗಳು ಇದನ್ನು ತಮ್ಮ ಮನೆಯ ಬೊಕ್ಕಸದಿಂದ ಕೊಡುವುದಿಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಕುರಿ ಕಾಯುವವನು ತನ್ನ ಮೊಬೈಲಿಗೆ ಹಣ ತುಂಬಿಸಿದಾಗಲೂ, ಹೂ ಮಾರುವವಳು ತನ್ನ ಮಗನೊಡನೆ ಮಾತನಾಡಿದಾಗಲೂ, ಆ ನಿಧಿಗೆ ಒಂದು ಪಾಲು ಸಂದಿದೆ. ಆದಕಾರಣ ಹಳ್ಳಿಯ ಉಚಿತ ಅಂತರ್ಜಾಲವು ಭಿಕ್ಷೆಯಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಹಳ್ಳಿಗನು ಕಂತುಕಂತಾಗಿ ಸಲ್ಲಿಸಿರುವ ಹಣದ ಬಾಬ್ತು ಅವನಿಗೆ ಬರಬೇಕಾಗಿರುವ ಸರಕು ಅದು.

ಮತ್ತೆ ಕೆಲವರು ಹೀಗೆ ಕೇಳುತ್ತಾರೆ: “೨೦೧೬ರಿಂದೀಚೆಗೆ ಡೇಟಾದ ಬೆಲೆ ಬಹಳ ಇಳಿದಿದೆ, ಎಲ್ಲರ ಜೇಬಿನಲ್ಲಿಯೂ ಮೊಬೈಲ್ ಇದೆ, ಸಾರ್ವಜನಿಕ ವೈ-ಫೈ ಏತಕ್ಕೆ?” ಈ ಪ್ರಶ್ನೆಗೆ ಮೂರು ಉತ್ತರಗಳುಂಟು. ಮೊದಲನೆಯದಾಗಿ, ಬೆಲೆಯು ಇಳಿದದ್ದು ಶಾಶ್ವತವಲ್ಲ. ೨೦೨೪ನೆಯ ಜುಲೈನಲ್ಲಿ ಮುಖ್ಯ ಕಂಪನಿಗಳೆಲ್ಲವೂ ಒಂದರ ಹಿಂದೆ ಒಂದರಂತೆ ದರಗಳನ್ನು ಏರಿಸಿದವು. ಎರಡನೆಯದಾಗಿ, ಮಲೆನಾಡಿನ ಕಣಿವೆಗಳಲ್ಲಿ ಹಣವಿದ್ದವನಿಗೂ ಸಂಪರ್ಕ ಸಿಕ್ಕುವುದಿಲ್ಲ. ಗುಡ್ಡವನ್ನು ಏರಿದರೆ ಸಿಕ್ಕಬಹುದು, ಮಳೆ ಹಿಡಿದರೆ ಅದೂ ಇಲ್ಲ. ಮೂರನೆಯದು ಇವೆರಡಕ್ಕಿಂತಲೂ ಮುಖ್ಯವಾದುದು. ಎಲ್ಲರ ಜೇಬಿನಲ್ಲಿಯೂ ಮೊಬೈಲ್ ಇದೆಯೆಂಬುದು ಗಂಡಸರು ಗಂಡಸರ ಜೇಬನ್ನು ನೋಡಿ ಹೇಳುವ ಮಾತು. ೨೦೧೯–೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮಾಂತರಗಳಲ್ಲಿ ಒಮ್ಮೆಯಾದರೂ ಅಂತರ್ಜಾಲವನ್ನು ಉಪಯೋಗಿಸಿದ ಪುರುಷರು ನೂರಕ್ಕೆ ೪೮.೭ ಮಂದಿ, ಸ್ತ್ರೀಯರು ೨೪.೬ ಮಂದಿ ಮಾತ್ರ. ಮನೆಗೆ ಒಂದೇ ಮೊಬೈಲ್ ಇದ್ದಾಗ ಅದು ಬೆಳಿಗ್ಗೆ ಯಜಮಾನನೊಡನೆ ಹೊಲಕ್ಕೆ ಹೋಗುತ್ತದೆ, ಸಂಜೆ ಮಗನ ಕೈಗೆ ಬರುತ್ತದೆ. ಮಗಳ ಸರದಿ ಬರುವ ಹೊತ್ತಿಗೆ ಡೇಟಾ ಮುಗಿದಿರುತ್ತದೆ.

ಇದು ವಿನೋದದ ವಿಷಯವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಆದರೆ ಸರ್ಕಾರದವರು ತಮ್ಮ ಕಚೇರಿಯ ಬಾಗಿಲನ್ನೇ ಅಂತರ್ಜಾಲದೊಳಕ್ಕೆ ಸಾಗಿಸಿಬಿಟ್ಟಿದ್ದಾರೆ. ಪಹಣಿಯು ಅಲ್ಲಿದೆ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳ ಅರ್ಜಿಯು ಅಲ್ಲಿದೆ, ವಿದ್ಯಾರ್ಥಿವೇತನವು ಅಲ್ಲಿದೆ, ಪಡಿತರಕ್ಕೆ ಬೆರಳೊತ್ತಿದರೆ ಅದು ಅಲ್ಲಿಗೇ ಹೋಗಿ ಒಪ್ಪಿಗೆ ಪಡೆದು ಬರಬೇಕು. ೨೦೨೩ನೆಯ ಜನವರಿ ೧ರಿಂದ ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ಕೂಲಿಕಾರರ ಹಾಜರಿಯನ್ನೂ ಮೊಬೈಲಿನ ಮೂಲಕವೇ ತೆಗೆದುಕೊಳ್ಳಬೇಕೆಂದು ವಿಧಿಸಲಾಯಿತು. ಅಂದಮೇಲೆ ಸಂಪರ್ಕವಿಲ್ಲದ ಊರಿನಲ್ಲಿ ದುಡಿದವನ ದುಡಿಮೆಯು ದಾಖಲೆಗೆ ಬರುವುದು ಹೇಗೆ? ಬಾಗಿಲನ್ನು ಬೇರೆಡೆಗೆ ಸಾಗಿಸಿದವನು ಅಲ್ಲಿಗೆ ಹೋಗುವ ದಾರಿಯನ್ನೂ ಮಾಡಿಕೊಡಬೇಕೆಂಬುದು ಸಾಮಾನ್ಯ ನ್ಯಾಯ. ಆ ದಾರಿಯಿಲ್ಲದ ಕಾರಣ ರೈತನು ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿಗೆ ಹಣ ತೆತ್ತು, ತಾಲ್ಲೂಕು ಕೇಂದ್ರದ ಅಂಗಡಿಯವನಿಗೆ ಅವನು ಕೇಳಿದಷ್ಟನ್ನು ಕೊಟ್ಟು, “ಸರ್ವರ್ ಇಲ್ಲ, ನಾಳೆ ಬಾ” ಎಂಬ ಉತ್ತರವನ್ನು ಪಡೆದು ಹಿಂದಿರುಗುವನು. ಹಿಂದೆ ಶಾನುಭೋಗರ ಜಗಲಿಯಲ್ಲಿ ಕಾಯುತ್ತಿದ್ದವನು ಈಗ ಅಂಗಡಿಯ ಮೆಟ್ಟಿಲಿನಲ್ಲಿ ಕಾಯುತ್ತಾನೆ. ಕಾಯುವುದು ತಪ್ಪಲಿಲ್ಲ.

ಹಾಗಾದರೆ ಪಂಚಾಯಿತಿಯವರೆಗೆ ಬಂದ ಎಳೆಯ ಗತಿಯೇನು? ಭಾರತ್‌ನೆಟ್ ಯೋಜನೆಯಲ್ಲಿ ಒಂದು ಲಕ್ಷಕ್ಕಿಂತಲೂ ಅಧಿಕ ಪಂಚಾಯಿತಿಗಳಲ್ಲಿ ವೈ-ಫೈ ಯಂತ್ರಗಳನ್ನು ಸ್ಥಾಪಿಸಲಾಗಿದೆಯೆಂದು ಸರ್ಕಾರದ ಲೆಕ್ಕವು ಹೇಳುತ್ತದೆ. ಸ್ಥಾಪಿಸಿರುವುದು ಒಂದು, ನಡೆಯುತ್ತಿರುವುದು ಮತ್ತೊಂದು. ಹಳ್ಳಿಗಳನ್ನು ಸುತ್ತಿದವರಿಗೆ ಈ ದೃಶ್ಯವು ಪರಿಚಿತವಾದುದೇ: ಬೀಗ ಹಾಕಿದ ಕೋಣೆ, ಗೋಡೆಯ ಮೇಲೆ ದೂಳು ಕುಳಿತ ಪೆಟ್ಟಿಗೆ, ಅದರಲ್ಲಿ ಉರಿಯದ ದೀಪ. ರಸ್ತೆಯನ್ನು ಅಗಲ ಮಾಡುವಾಗಲೋ ನೀರಿನ ಕೊಳವೆಯನ್ನು ಹೂಳುವಾಗಲೋ ಅಗೆಯುವ ಯಂತ್ರವು ಎಳೆಯನ್ನು ಕತ್ತರಿಸಿರುತ್ತದೆ. ಕತ್ತರಿಸಿದವರು ಒಂದು ಇಲಾಖೆಯವರು, ಜೋಡಿಸಬೇಕಾದವರು ಮತ್ತೊಂದು ಇಲಾಖೆಯವರು. ಇಲ್ಲವೆ ವಿದ್ಯುತ್ತು ಹೋಗಿ, ಬ್ಯಾಟರಿ ಸತ್ತು, ಅದನ್ನು ಬದಲಾಯಿಸಲು ಯಾರ ಸಹಿ ಬೇಕೆಂಬುದು ತೀರ್ಮಾನವಾಗದೆ ವರ್ಷಗಳು ಕಳೆದಿರುತ್ತವೆ. ೨೦೨೩ರ ತಿದ್ದುಪಡಿಯಲ್ಲಿ, ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುವಂತೆ ಎಳೆಯನ್ನು ಬಳೆಯ ಆಕಾರದಲ್ಲಿ ಹಾಸುವುದಕ್ಕೂ, ಹತ್ತು ವರ್ಷಗಳ ದುರಸ್ತಿಗೂ ಅವಕಾಶ ಮಾಡಿರುವುದು ಬುದ್ಧಿವಂತಿಕೆಯ ಕೆಲಸವೇ ಸರಿ. ಆದರೆ ಇಷ್ಟರಿಂದಲೇ ಪೆಟ್ಟಿಗೆಯ ದೀಪ ಉರಿಯುವುದೆಂದು ನಾವು ನಂಬಲಾರೆವು.

ನಮ್ಮ ನಾಡಿನ ಕೆರೆಗಳನ್ನು ಬಲ್ಲವರು ಇದರ ಕಾರಣವನ್ನು ಸುಲಭವಾಗಿ ಗ್ರಹಿಸಬಲ್ಲರು. ಕೆರೆಯನ್ನು ಕಟ್ಟಿಸಿದವರು ಅರಸರಾಗಿರಬಹುದು, ಸಾಮಂತರಾಗಿರಬಹುದು. ಅದನ್ನು ಉಳಿಸಿದವನು ನೀರುಗಂಟಿ. ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು, ಏರಿಯಲ್ಲಿ ಎಲ್ಲಿ ಬಿರುಕು ಬಿಟ್ಟಿದೆ ಎಂಬುದನ್ನೆಲ್ಲ ನೋಡಿಕೊಳ್ಳುವುದು ಅವನ ಧರ್ಮವಾಗಿದ್ದಿತು. ಅದಕ್ಕಾಗಿ ಊರಿನವರು ಅವನಿಗೆ ಧಾನ್ಯವನ್ನು ಅಳೆದುಕೊಡುತ್ತಿದ್ದರು. ಅವನು ತಪ್ಪಿದರೆ ಊರಿನವರೇ ಕೇಳುತ್ತಿದ್ದರು. ನೀರುಗಂಟಿಯನ್ನು ಕಳೆದುಕೊಂಡ ಕೆರೆಗಳು ಹೂಳು ತುಂಬಿಕೊಂಡುವು. ಭಾರತ್‌ನೆಟ್ಟಿನ ಮಹಾ ಕೆರೆಯನ್ನು ಸಾವಿರಾರು ಕೋಟಿ ವೆಚ್ಚದಿಂದ ಕಟ್ಟಿಸಿದವರು ಊರೂರಿಗೆ ಒಬ್ಬ ನೀರುಗಂಟಿಯನ್ನು ನೇಮಿಸುವುದನ್ನು ಮಾತ್ರ ಮರೆತಿದ್ದಾರೆ. ಇದೇ ನಾವು ಹೇಳಬೇಕೆಂದಿರುವ ಮಾತು.

ಕರ್ನಾಟಕದಲ್ಲಿ ಈ ಕೊರತೆಯನ್ನು ತುಂಬುವುದು ಅಸಾಧ್ಯವೇನೂ ಅಲ್ಲ. ೨೦೧೯ರಲ್ಲಿ ನಮ್ಮ ರಾಜ್ಯದ ಐದು ಸಾವಿರದ ಆರು ನೂರಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ವರ್ಗವಾದುವು. ಅರಿವು ಕೇಂದ್ರಗಳೆಂಬ ಸೊಗಸಾದ ಕನ್ನಡದ ಹೆಸರು ಅವುಗಳಿಗೆ ಬಂದಿದೆ. ಪಾಠಶಾಲೆಗಳು ಮುಚ್ಚಿದ್ದ ೨೦೨೦ನೆಯ ವರ್ಷದಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಅವು ಮಕ್ಕಳನ್ನು ಪುಸ್ತಕಗಳ ಕಡೆಗೆ ಕರೆದುವು. ಅಲ್ಲಿ ಸೂರು ಇದೆ, ಬೆಂಚು ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಊರಿನ ಮಕ್ಕಳನ್ನು ಹೆಸರು ಹಿಡಿದು ಕರೆಯಬಲ್ಲ ಒಬ್ಬ ಮೇಲ್ವಿಚಾರಕನೋ ಮೇಲ್ವಿಚಾರಕಿಯೋ ಇದ್ದಾರೆ. ಅಂತರ್ಜಾಲದ ತೂಬನ್ನು ಇಡಬೇಕಾದ ಸ್ಥಳವು ಇದೇ. ವೈ-ಫೈಯ ಅಲೆಗಳು ಕೆಲವು ಹತ್ತು ಗಜಗಳಾಚೆಗೆ ಕ್ಷೀಣಿಸಿಹೋಗುವುದರಿಂದ ಪೆಟ್ಟಿಗೆಯನ್ನು ಎಲ್ಲಿ ಇಡುವೆವೆಂಬುದರ ಮೇಲೆ ಅದು ಯಾರಿಗೆ ಒದಗುವುದೆಂಬುದು ನಿಶ್ಚಯವಾಗುತ್ತದೆ. ಅಶ್ವತ್ಥಕಟ್ಟೆಯ ಬಳಿ ಇಟ್ಟರೆ ಗಂಡಸರಿಗೆ ಒದಗುವುದು. ಕಚೇರಿಯೊಳಗೆ ಇಟ್ಟರೆ ಸಂಜೆ ಬೀಗ ಬೀಳುವವರೆಗೆ ನೌಕರರಿಗೆ ಒದಗುವುದು. ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಬಂದು ಕುಳಿತುಕೊಳ್ಳಬಲ್ಲ ಸಾರ್ವಜನಿಕ ಸ್ಥಳವು ನಮ್ಮ ಹಳ್ಳಿಗಳಲ್ಲಿ ಎಷ್ಟಿವೆ? ಗ್ರಂಥಾಲಯವು ಅಂತಹ ವಿರಳ ಸ್ಥಳಗಳಲ್ಲೊಂದು.

ಉಚಿತವೆಂಬ ಮಾತನ್ನು ಕುರಿತು ನಮ್ಮ ದೇಶಕ್ಕೆ ಎರಡು ಪಾಠಗಳು ದೊರೆತಿವೆ. ೨೦೧೫ರಲ್ಲಿ ಫೇಸ್‌ಬುಕ್ ಕಂಪನಿಯು ಬಡವರಿಗೆ ಉಚಿತವಾಗಿ ಅಂತರ್ಜಾಲವನ್ನು ಕೊಡುವೆನೆಂದು ಮುಂದೆ ಬಂದಿತು. ಆದರೆ ಆ ಉಚಿತದಲ್ಲಿ ಸಿಕ್ಕುತ್ತಿದ್ದುದು ಕಂಪನಿಯು ಒಪ್ಪಿದ ಕೆಲವು ತಾಣಗಳು ಮಾತ್ರ. ದೇಶದಾದ್ಯಂತ ವಿರೋಧವೆದ್ದಿತು, ೨೦೧೬ನೆಯ ಫೆಬ್ರವರಿ ೮ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಅಂತಹ ಭೇದದ ದರಗಳನ್ನು ನಿಷೇಧಿಸಿತು. ಎರಡನೆಯ ಪಾಠವು ರೈಲ್ವೆ ನಿಲ್ದಾಣಗಳದ್ದು. ೨೦೧೬ನೆಯ ಜನವರಿಯಲ್ಲಿ ಗೂಗಲ್ ಕಂಪನಿಯು ರೈಲ್ವೆಯ ರೈಲ್‌ಟೆಲ್ ಸಂಸ್ಥೆಯೊಡನೆ ಸೇರಿ ಮುಂಬಯಿಯಲ್ಲಿ ಆರಂಭಿಸಿದ ಉಚಿತ ವೈ-ಫೈಯು ೨೦೧೮ರ ವೇಳೆಗೆ ೪೦೦ ನಿಲ್ದಾಣಗಳಿಗೆ ಹಬ್ಬಿತು. ೨೦೨೦ನೆಯ ಫೆಬ್ರವರಿಯಲ್ಲಿ ಆ ಕಂಪನಿಯು ತಾನು ಹಿಂದೆ ಸರಿಯುವುದಾಗಿ ಸಾರಿತು. ಆದರೂ ದೀಪ ಆರಲಿಲ್ಲ. ಏಕೆಂದರೆ ಕೆಳಗಿನ ಎಳೆಯು ನಮ್ಮದೇ ಆಗಿದ್ದಿತು. ರೈಲ್‌ಟೆಲ್ ಸಂಸ್ಥೆಯು ಕಾರ್ಯವನ್ನು ಮುಂದುವರಿಸಿ ೨೦೨೧ರ ವೇಳೆಗೆ ೬,೦೦೦ ನಿಲ್ದಾಣಗಳನ್ನು ಮುಟ್ಟಿತು. ಪರರ ಔದಾರ್ಯವು ಅವರ ಲೆಕ್ಕದ ಪುಸ್ತಕವು ಒಪ್ಪುವವರೆಗೆ ಮಾತ್ರ ಇರುವುದು. ನಮ್ಮ ಹಣದಿಂದ ನಾವು ಹಾಸಿಕೊಂಡ ಎಳೆಯು ನಮ್ಮಲ್ಲಿಯೇ ಉಳಿಯುವುದು.

ಉಚಿತ ಅಂತರ್ಜಾಲವು ಕೈಗೆ ಸಿಕ್ಕಿದರೆ ಯುವಕರು ಅದನ್ನು ಸಿನಿಮಾ ನೋಡುವುದರಲ್ಲಿಯೂ ಜೂಜಿನಲ್ಲಿಯೂ ವ್ಯಯಮಾಡುವರೆಂಬ ಭಯವನ್ನು ಹಲವರು ವ್ಯಕ್ತಪಡಿಸುವರು. ಈ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಹಣವಿಟ್ಟು ಆಡುವ ಅಂತರ್ಜಾಲದ ಆಟಗಳಿಂದ ಸಂಸಾರಗಳು ಹಾಳಾದುದು ನಿಜ. ಅವುಗಳನ್ನು ನಿಷೇಧಿಸಿ ಸಂಸತ್ತು ೨೦೨೫ನೆಯ ಆಗಸ್ಟಿನಲ್ಲಿ ಶಾಸನವನ್ನು ಮಾಡಬೇಕಾಯಿತು. ಆದರೆ ಮೊಬೈಲಿನಲ್ಲಿ ಏಕಾಂತದಲ್ಲಿ ಕೆಡುವವನನ್ನು ತಡೆಯುವವರು ಯಾರೂ ಇಲ್ಲ; ಗ್ರಂಥಾಲಯದ ಬೆಂಚಿನ ಮೇಲೆ ಹತ್ತು ಮಂದಿಯ ಎದುರಿಗೆ ಕುಳಿತವನು ಸ್ವಭಾವತಃ ಎಚ್ಚರದಿಂದಿರುವನು. ಇದರ ಜೊತೆಗೆ ಇನ್ನೊಂದು ದೃಷ್ಟಾಂತವನ್ನೂ ಮುಂದಿಡುವೆವು. ಎರ್ನಾಕುಲಂ ರೈಲ್ವೆ ನಿಲ್ದಾಣದ ಹಮಾಲನೊಬ್ಬನು ತಲೆಯ ಮೇಲೆ ಹೊರೆ, ಕಿವಿಯಲ್ಲಿ ಪಾಠ, ಹೀಗೆ ನಿಲ್ದಾಣದ ಉಚಿತ ವೈ-ಫೈಯಿಂದಲೇ ಅಭ್ಯಾಸಮಾಡಿ ಕೇರಳದ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದ ವಾರ್ತೆಯು ೨೦೧೮ರಲ್ಲಿ ಪ್ರಕಟವಾಯಿತು. ಅವನಿಗೆ ಯಾರೂ ಉಪದೇಶ ಮಾಡಿರಲಿಲ್ಲ. ದಾರಿ ತೆರೆದಿದ್ದಿತು, ನಡೆದನು.

ನೆರೆಯ ಕೇರಳದವರು ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ ಯೋಚಿಸಿದ್ದಾರೆಂದು ಒಪ್ಪಿಕೊಳ್ಳುವುದರಲ್ಲಿ ಲಜ್ಜೆಯಿಲ್ಲ. ಅಂತರ್ಜಾಲವನ್ನು ಪಡೆಯುವ ಹಕ್ಕು ವಿದ್ಯೆಯ ಹಕ್ಕಿನ ಭಾಗವೆಂದು ಅಲ್ಲಿಯ ಉಚ್ಚ ನ್ಯಾಯಾಲಯವು ೨೦೧೯ನೆಯ ಸೆಪ್ಟೆಂಬರಿನಲ್ಲಿ, ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ, ತೀರ್ಪಿತ್ತಿತು. ೨೦೨೩ನೆಯ ಜೂನ್ ೫ರಂದು ಆ ಸರ್ಕಾರವು ಕೆ-ಫೋನ್ ಎಂಬ ತನ್ನದೇ ಆದ ಜಾಲವನ್ನು ಆರಂಭಿಸಿ, ೨೦ ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕವನ್ನು ಕೊಡುವ ಗುರಿಯನ್ನಿಟ್ಟುಕೊಂಡಿತು. ಗುರಿಯನ್ನು ಮುಟ್ಟುವುದು ಅಲ್ಲಿಯೂ ನಿಧಾನವಾಗಿದೆ. ಆದರೂ ಸರ್ಕಾರವೊಂದು ಇದನ್ನು ತನ್ನ ಹೊಣೆಯೆಂದು ಬಾಯಿಬಿಟ್ಟು ಹೇಳಿರುವುದಕ್ಕೆ ಬೆಲೆಯುಂಟು.

ಈಗ ಆಗಬೇಕಾದುದೇನು? ನಮ್ಮ ಸೂಚನೆಗಳು ಐದು. ಒಂದನೆಯದಾಗಿ, ಪ್ರತಿಯೊಂದು ಅರಿವು ಕೇಂದ್ರಕ್ಕೂ ಭಾರತ್‌ನೆಟ್ಟಿನ ಎಳೆಯನ್ನು ಎಳೆದು, ಅಲ್ಲಿಯ ವೈ-ಫೈಯನ್ನು ದಿನಕ್ಕೆ ಗೊತ್ತಾದಷ್ಟು ಹೊತ್ತು ಎಲ್ಲರಿಗೂ ಉಚಿತವಾಗಿ ಒದಗಿಸತಕ್ಕದ್ದು. ಕೇಂದ್ರವು ಪಾಠಶಾಲೆ ಬಿಟ್ಟ ಮೇಲೆ ಸಂಜೆಯಲ್ಲಿಯೂ ತೆರೆದಿರತಕ್ಕದ್ದು. ಎರಡನೆಯದಾಗಿ, ಮೇಲ್ವಿಚಾರಕರನ್ನು ಈ ಕಾರ್ಯದ ನೀರುಗಂಟಿಗಳನ್ನಾಗಿ ಮಾಡಿ, ತಕ್ಕ ಶಿಕ್ಷಣವನ್ನು ಕೊಟ್ಟು, ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ವೇತನವನ್ನು ನಿಧಿಯಿಂದಲೇ ಸಲ್ಲಿಸತಕ್ಕದ್ದು. ಹೊಗಳಿಕೆಯಿಂದ ಹೊಟ್ಟೆ ತುಂಬುವುದಿಲ್ಲ. ಮೂರನೆಯದಾಗಿ, ಸಂಪರ್ಕವು ಎಷ್ಟು ದಿನ ನಡೆಯಿತು, ಎಷ್ಟು ದಿನ ನಿಂತಿತು ಎಂಬ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳತಕ್ಕದ್ದು. ನಡೆದ ದಿನಗಳಿಗೆ ಅನುಸಾರವಾಗಿ ಮಾತ್ರ ಗುತ್ತಿಗೆದಾರರಿಗೆ ಹಣ ಸಂದಾಯವಾಗತಕ್ಕದ್ದು. ನಾಲ್ಕನೆಯದಾಗಿ, ವೈ-ಫೈಯನ್ನು ತೆರೆದಾಗ ಮೊದಲು ಕಾಣುವ ಪುಟವು ಕನ್ನಡದಲ್ಲಿರತಕ್ಕದ್ದು. ಪ್ರವೇಶಕ್ಕಾಗಿ ಕೊಟ್ಟ ಮೊಬೈಲ್ ಸಂಖ್ಯೆಯು ಜಾಹೀರಾತಿನವರ ಕೈಗೆ ಹೋಗದಂತೆ ಕಟ್ಟುನಿಟ್ಟು ಮಾಡತಕ್ಕದ್ದು. ಐದನೆಯದಾಗಿ, ಕೇಂದ್ರವು ದೂರವಾಗಿರುವ ಹಾಡಿಗಳಲ್ಲಿಯೂ ತಾಂಡಾಗಳಲ್ಲಿಯೂ ಅಂಗಡಿಗಳವರಿಗೆ ಈ ಕಾರ್ಯದಲ್ಲಿ ಉತ್ತೇಜನ ಕೊಡಬೇಕು. ೨೦೨೦ನೆಯ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಯೋಜನೆಯ ಪ್ರಕಾರ ಚಹಾದ ಅಂಗಡಿಯವನೂ ಪರವಾನಗಿಯಿಲ್ಲದೆ ವೈ-ಫೈಯನ್ನು ಹಂಚಬಹುದು. ಅವನಿಂದ ಕಂಪನಿಗಳು ವಿಪರೀತ ದರವನ್ನು ಕೇಳುತ್ತಿದ್ದುದರಿಂದ ಯೋಜನೆಯು ಕುಂಟುತ್ತಿದ್ದಿತು. ಮನೆಯ ಸಂಪರ್ಕದ ದರಕ್ಕಿಂತ ಇಮ್ಮಡಿಯನ್ನು ಮೀರಕೂಡದೆಂದು ೨೦೨೫ನೆಯ ಜೂನ್‌ನಲ್ಲಿ ಪ್ರಾಧಿಕಾರವು ಕಟ್ಟುಮಾಡಿದೆ. ಈ ಆಜ್ಞೆಯ ಸುದ್ದಿಯನ್ನು ಹಳ್ಳಿಯ ಅಂಗಡಿಯವರಿಗೆ ತಿಳಿಸುವುದಾದರೂ ತಾಲ್ಲೂಕಿನ ಅಧಿಕಾರಿಗಳಿಗೆ ಕಷ್ಟವಾಗಲಾರದು.

ಈ ಪತ್ರಿಕೆಯನ್ನು ಓದುವ ಅಧಿಕಾರಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮುಂದಿನ ಸಲ ತಾವು ತನಿಖೆಗಾಗಿ ಹಳ್ಳಿಗೆ ಹೋದಾಗ, ವೈ-ಫೈ ಪೆಟ್ಟಿಗೆಯನ್ನು ಸ್ಥಾಪಿಸಲಾಗಿದೆಯೆ ಎಂದು ಕೇಳಬೇಡಿರಿ. ಸ್ಥಾಪಿಸಲಾಗಿದೆಯೆಂಬ ಉತ್ತರವು ಸಿದ್ಧವಾಗಿಯೇ ಇರುವುದು. ತಮ್ಮ ಜೇಬಿನ ಮೊಬೈಲನ್ನು ತೆಗೆದು ಅದರೊಡನೆ ಜೋಡಿಸಿ, ಒಂದು ಪಹಣಿಯನ್ನು ತೆರೆದು ನೋಡಿರಿ. ಅನಂತರ ಅಲ್ಲಿ ನಿಂತಿರುವ ಒಬ್ಬ ಹುಡುಗಿಯನ್ನು ಕರೆದು, ನಿನ್ನೆಯ ದಿನ ಅವಳು ಅದನ್ನು ಉಪಯೋಗಿಸಿದಳೆ ಎಂದು ಕೇಳಿರಿ. ಅವಳು ಹೌದೆಂದರೆ ಸಾವಿರಾರು ಕೋಟಿಗಳು ಸಾರ್ಥಕವಾದುವೆಂದು ವರದಿಯಲ್ಲಿ ಬರೆಯಿರಿ. ಇಲ್ಲವೆಂದರೆ ಅದನ್ನೂ ಹಾಗೆಯೇ ಬರೆಯಿರಿ. ಆ ಸತ್ಯವಾದ ಒಂದು ಸಾಲು ಇನ್ನೊಂದು ಉದ್ಘಾಟನೆಗಿಂತಲೂ ದೊಡ್ಡ ದೇಶಸೇವೆಯಾಗುವುದು.